ಒರಳುಕಲ್ಲಿಗೆ ತಾಗಿದ ಬಂಪರ್

ನಮ್ಮ ಬೀದಿಯಲ್ಲಿ ಕಾರನ್ನು ಹಿಂದಕ್ಕೆ ತೆಗೆಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ಸ್ಟಿಯರಿಂಗ್ ಹಿಡಿಯುವವರು ಒಬ್ಬರಾದರೆ, ಹಿಂದೆ ನಿಂತು ‘ಬರ್ಲಿ, ಬರ್ಲಿ, ಬರ್ಲಿ’ ಎನ್ನುವವರು ಇನ್ನೊಬ್ಬರು. ಈ ಎರಡನೆಯ ಕೆಲಸಕ್ಕೆ ಜೆ.ಪಿ. ನಗರದಲ್ಲಿ ಯಾರೂ ಯಾರನ್ನೂ ಕರೆಯಬೇಕಾಗಿಲ್ಲ. ಹಾಲು ತರಲು ಹೊರಟವರು, ನಾಯಿಯ ಜೊತೆ ವಾಕಿಂಗ್ ಹೊರಟವರು, ಸೊಪ್ಪು ಮಾರುವವರು, ಯಾರಾದರೂ ಒಬ್ಬರು ತಾವಾಗಿಯೇ ನಿಂತು ಕೈ ಆಡಿಸುತ್ತಾರೆ. ನಾನಂತೂ ಈ ವಿದ್ಯೆಯಲ್ಲಿ ಪಳಗಿದವನು ಎಂದುಕೊಂಡಿದ್ದೆ. ಕಾರಿನ ಬೆನ್ನಿಗೆ ಮೆಲ್ಲಗೆ ತಟ್ಟುತ್ತಿದ್ದರೆ ಬರಬಹುದು, ಒಮ್ಮೆ ಜೋರಾಗಿ ಬಡಿದರೆ ನಿಲ್ಲಬೇಕು. ಇದು ನನ್ನ ಪದ್ಧತಿ.

ನನ್ನ ಹೆಂಡತಿ ಐವತ್ತನೆಯ ವಯಸ್ಸಿನಲ್ಲಿ ಕಾರು ಕಲಿತಳು. ಶೋಕಿಗಲ್ಲ. ಹೊಸಕೆರೆಹಳ್ಳಿಯಲ್ಲಿ ಅಣ್ಣನ ಮನೆಯಲ್ಲಿರುವ ಅವಳ ತಾಯಿಗೆ ಲಕ್ವ ಹೊಡೆದು ಎಡಗಾಲು ಸೋತಿತ್ತು. ವಾರಕ್ಕೆ ಮೂರು ದಿನ ಬೆಳಿಗ್ಗೆ ಜಯನಗರದ ಆಸ್ಪತ್ರೆಗೆ ಫಿಸಿಯೋಥೆರಪಿಗೆ ಹೋಗಬೇಕು. ಅಣ್ಣ, ಅತ್ತಿಗೆ ಇಬ್ಬರೂ ಎಂಟಕ್ಕೆಲ್ಲ ಕೆಲಸಕ್ಕೆ ಹೊರಡುವವರು, ನನಗೂ ಕಚೇರಿ. ಆಟೋ ಹತ್ತಿಸುವಾಗ ನಮ್ಮತ್ತೆಯ ಕಾಲನ್ನು ಎರಡು ಕೈಯಲ್ಲಿ ಎತ್ತಿ ಒಳಗಿಡಬೇಕು, ಅಷ್ಟರಲ್ಲಿ ಹಿಂದಿನ ಗಾಡಿಗಳೆಲ್ಲ ಹಾರ್ನ್ ಶುರು ಮಾಡಿರುತ್ತವೆ. ‘ಕಾರಾದ್ರೆ ಸೀಟ್ ಹಿಂದಕ್ಕೆ ತಳ್ಳಿ ನಿಧಾನಕ್ಕೆ ಕೂರಿಸ್ಬೋದು’ ಎಂದು ಅವಳೇ ಯೋಚಿಸಿ, ಅವಳೇ ಹೋಗಿ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಮೊದಲ ಸಲ ಪರೀಕ್ಷೆಯಲ್ಲಿ ಫೇಲಾಗಿ, ಎರಡನೆಯ ಸಲ ಲೈಸೆನ್ಸ್ ತಂದಳು. ಆರು ವಾರ ಅಮ್ಮನನ್ನು ಕರೆದುಕೊಂಡು ಹೋಗಿ ಬಂದಳು. ಕಾರಿನ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ.

ಏಳನೆಯ ವಾರ ಒಂದು ಶನಿವಾರ ನಾನು ಮನೆಯಲ್ಲಿದ್ದೆ. ಅವಳು ಕಾರು ತೆಗೆಯಲು ಹೊರಟಾಗ ನಾನು ಲುಂಗಿಯಲ್ಲೇ ಹೊರಗೆ ಬಂದು ಹಿಂದೆ ನಿಂತೆ.

‘ನೀವ್ಯಾಕ್ ಬಂದ್ರಿ, ಯಾವಾಗ್ಲೂ ನಾನೇ ತೆಗೀತೀನಲ್ಲ’ ಎಂದಳು.

‘ನೀನು ಕನ್ನಡಿ ನೋಡ್ಕೊಂಡು ಗಂಟೆಗಟ್ಲೆ ಮಾಡ್ತೀಯ. ಕನ್ನಡಿ ಬಿಡು, ನಾನ್ ಹೇಳಿದ್ ಕೇಳು’ ಎಂದೆ.

ನಮ್ಮ ಎದುರುಮನೆಯ ಯಜಮಾನರು ಜರಗನಹಳ್ಳಿಯ ಹಳೇ ಒಕ್ಕಲಿನವರು. ಈಗ ಅಪಾರ್ಟ್‌ಮೆಂಟು ನಿಂತಿರುವ ಕಡೆಯಲ್ಲೆಲ್ಲ ಅವರ ರಾಗಿ ಹೊಲವಿತ್ತಂತೆ. ತಮ್ಮ ಮನೆಯ ಮುಂದೆ ಯಾರೂ ಗಾಡಿ ನಿಲ್ಲಿಸಬಾರದೆಂದು ಅವರು ತಮ್ಮ ತಾಯಿ ರುಬ್ಬುತ್ತಿದ್ದ ಒರಳುಕಲ್ಲನ್ನು ರಸ್ತೆಯ ಅಂಚಿಗೆ ಇಟ್ಟಿದ್ದಾರೆ. ಮೊಣಕಾಲೆತ್ತರದ ಕಲ್ಲು. ನನ್ನ ಹೆಂಡತಿ ಪ್ರತಿಸಲವೂ ಅದನ್ನು ಎಡಗನ್ನಡಿಯಲ್ಲಿ ನೋಡಿಕೊಂಡೇ ಕಾರು ತಿರುಗಿಸುತ್ತಿದ್ದಳು. ಅವತ್ತು ನನ್ನ ಮಾತು ಕೇಳಿದಳು. ನಾನು ‘ಬರ್ಲಿ, ಬರ್ಲಿ’ ಎನ್ನುತ್ತಿದ್ದೆ. ಅಂಗಿಯ ಜೇಬಿನಲ್ಲಿ ಫೋನು ಗುಂಯ್ ಎಂದಿತು. ತೆಗೆದು ನೋಡಿದೆ. ಯಾರೋ ಶುಭೋದಯ ಎಂದು ಹೂವಿನ ಚಿತ್ರ ಕಳಿಸಿದ್ದರು. ನನ್ನ ಬಾಯಿ ಮಾತ್ರ ‘ಬರ್ಲಿ, ಬರ್ಲಿ’ ಎನ್ನುತ್ತಲೇ ಇತ್ತು.

ಸದ್ದು ಕೇಳಿ ಅಕ್ಕಪಕ್ಕದವರು ಹೊರಗೆ ಬಂದರು. ಹಿಂದಿನ ಬಂಪರಿನ ಎಡಮೂಲೆ ಒಳಕ್ಕೆ ಹೋಗಿ, ಒಂದು ಗೇಣು ಸೀಳಿತ್ತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದರಲ್ಲೂ ತಪ್ಪು ನನ್ನದಾದಾಗ ಇನ್ನೂ ಬೇಗ ಬರುತ್ತದೆ. ಇಡೀ ಬೀದಿಗೆ ಕೇಳುವಂತೆ ಕೂಗಿದೆ. ‘ಕಣ್ ಎಲ್ಲಿಟ್ಕೊಂಡಿದ್ದೆ? ಅಷ್ಟ್ ದೊಡ್ಡ ಕಲ್ಲು ಕಾಣ್ಸಲ್ವಾ?’ ಅವಳು ನನ್ನ ಕೈಯಲ್ಲಿದ್ದ ಫೋನನ್ನು ನೋಡಿದಳು.

ಅವತ್ತೇ ಸಂಜೆ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಬಗ್ಗಿ ನೋಡಿ, ನಗುತ್ತಾ, ‘ಮೇಡಂ ಓಡ್ಸಿದ್ರಾ ಸಾರ್?’ ಎಂದ. ಅವಳು ಒಳಗೆ ಕೂತಿದ್ದಳು, ಕಿಟಕಿ ತೆರೆದಿತ್ತು. ನಾನೂ ಅವನ ಜೊತೆ ನಕ್ಕೆ. ಆ ನಗು ನೆನಪಾದರೆ ಇವತ್ತಿಗೂ ನನಗೆ ಹೇಸಿಗೆಯಾಗುತ್ತದೆ. ರೇಟು ಮಾತ್ರ ಕೇಳಿಕೊಂಡು ಮನೆಗೆ ಬಂದ ಮೇಲೆ ಅವಳು ಕಾರಿನ ಕೀಯನ್ನು ದೇವರ ಗೂಡಿನಲ್ಲಿ, ಕುಂಕುಮದ ಬಟ್ಟಲಿನ ಪಕ್ಕ ಇಟ್ಟಳು. ‘ಇನ್ನು ನಾನು ಮುಟ್ಟಲ್ಲ’ ಎಂದಳು. ಸೋಮವಾರದಿಂದ ಮತ್ತೆ ಬಸ್ಸು, ಆಟೋ.

ಕ್ಷಮೆ ಕೇಳುವುದೊಂದನ್ನು ಬಿಟ್ಟು ಬೇರೆ ಏನು ಮಾಡಲೂ ನಾನು ತಯಾರಿದ್ದೆ. ಗ್ಯಾರೇಜಿನ ಕಡೆ ಮತ್ತೆ ಮುಖ ಹಾಕಲು ಮನಸ್ಸಾಗಲಿಲ್ಲ. ಬಂಪರನ್ನು ನಾನೇ ಮನೆಯಲ್ಲಿ ರಿಪೇರಿ ಮಾಡಿ ಹೊಸದರ ಹಾಗೆ ಮಾಡಿಬಿಟ್ಟರೆ, ಆ ಶನಿವಾರವೇ ನಡೆದಿಲ್ಲವೆಂಬಂತೆ ಅವಳು ಕೀ ಎತ್ತಿಕೊಳ್ಳುತ್ತಾಳೆ ಎಂದು ನನ್ನ ಲೆಕ್ಕಾಚಾರ. ಆಯುಧಪೂಜೆಗೆ ಮೂರು ವಾರವಿತ್ತು. ಅಷ್ಟರೊಳಗೆ ಮುಗಿಸಬೇಕೆಂದು ತಲೆಗೆ ಹುಳ ಬಿಟ್ಟುಕೊಂಡೆ.

ಕಾರಿನ ಬಂಪರ್ ಎಂದರೆ ಗಟ್ಟಿ ವಸ್ತು ಎಂದುಕೊಂಡಿದ್ದೆ. ಬಿಚ್ಚಿದರೆ ಅದೊಂದು ತೆಳುವಾದ ಪ್ಲಾಸ್ಟಿಕ್ ಚಿಪ್ಪು, ಒಬ್ಬನೇ ಎತ್ತಿಕೊಂಡು ಟೆರೇಸಿಗೆ ಹೋಗಬಹುದು. ಬಿಚ್ಚುವಾಗ ನಾಲ್ಕು ಕ್ಲಿಪ್ಪು ಮುರಿದೆ. ತಗ್ಗಾದ ಮೂಲೆಯ ಮೇಲೆ ಕುದಿಯುವ ನೀರು ಸುರಿದು ಒಳಗಿನಿಂದ ಒತ್ತಿದರೆ ಟಪ್ಪೆಂದು ಹೊರಕ್ಕೆ ಬರುತ್ತದೆ. ಅದು ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ, ಆದರೆ ನೋಡಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಸೀಳನ್ನು ಒಳಗಿನಿಂದ ತಂತಿಬಲೆ ಇಟ್ಟು ಸಾಲ್ಡರಿಂಗ್ ಕಡ್ಡಿಯಿಂದ ಕರಗಿಸಿ ಬೆಸೆದೆ. ಅದರ ಮೇಲೆ ತಗ್ಗು ತುಂಬುವ ಪುಟ್ಟಿ ಎಂಬ ಲೇಪ ಮೆತ್ತಬೇಕು. ಪುಟ್ಟಿಗೆ ಗಟ್ಟಿಯಾಗಲು ಒಂದು ಚಿಕ್ಕ ಟ್ಯೂಬಿನ ಪೇಸ್ಟ್ ಬೆರೆಸುತ್ತಾರೆ, ಹುಣಿಸೆಬೀಜದಷ್ಟು ಸಾಕು. ನನಗೆ ಅವಸರ, ಜಾಸ್ತಿಯೇ ಹಿಂಡಿದೆ. ಕಲಸಿ ಮುಗಿಸುವುದರೊಳಗೆ ಅದು ಸ್ಟೀಲ್ ತಟ್ಟೆಯಲ್ಲೇ ಕಲ್ಲಾಯಿತು. ಅದು ಹೆಂಡತಿ ದೋಸೆ ಹಾಕಿಕೊಡುವ ತಟ್ಟೆ. ಅದಕ್ಕೂ ಅವಳು ಮಂಗಳಾರತಿ ಮಾಡಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಎರಡನೆಯ ಸಲದ ಪುಟ್ಟಿ ಕೂತಿತು. ಅದನ್ನು ನೀರು ಹಾಕುತ್ತಾ, ವಾಟರ್ ಪೇಪರ್ ಎಂಬ ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ಸಮ ಮಾಡಬೇಕು. ಒಂದು ಭಾನುವಾರ ಮಧ್ಯಾಹ್ನ ಉಜ್ಜುತ್ತಾ ಕೂತಿದ್ದಾಗ ಅವಳು ಬಟ್ಟೆ ತೆಗೆಯಲು ಟೆರೇಸಿಗೆ ಬಂದಳು. ಸ್ವಲ್ಪ ಹೊತ್ತು ನೋಡುತ್ತಾ ನಿಂತಳು.

‘ಪ್ಲಾಸ್ಟಿಕ್ ಮೇಲೆ ಎಷ್ಟ್ ನಯವಾಗಿ ಕೈಯಾಡ್ಸ್ತೀರಿ ನೀವು’ ಎಂದಳು.

ತಲೆ ಎತ್ತದೆ, ‘ಸಮ ಆಯ್ತಾ ನೋಡು’ ಎಂದೆ.

ಅವಳು ಬಟ್ಟೆಯ ರಾಶಿಯನ್ನು ನೀರಿನ ಟ್ಯಾಂಕಿನ ಕಟ್ಟೆಯ ಮೇಲಿಟ್ಟು, ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ ಅಂಗೈಯನ್ನು ಬಂಪರಿನ ಮೇಲೆ ಆಡಿಸಿದಳು. ಅಕ್ಕಿಹಿಟ್ಟಿನಲ್ಲಿ ಒಂದು ನುಚ್ಚು ಉಳಿದಿದ್ದರೂ ಬೆರಳಿನಲ್ಲೇ ಹೇಳುವವಳು. ‘ಇಲ್ಲಿ ಹಳ್ಳ ಇದೆ. ಇಲ್ಲಿ ದಿಣ್ಣೆ. ನೀವ್ ಕಣ್ಣಲ್ಲಿ ನೋಡ್ತಿದೀರ, ಅದಕ್ಕೇ ಗೊತ್ತಾಗ್ತಿಲ್ಲ’ ಎಂದು ನನ್ನ ಕೈಯಿಂದ ಪೇಪರ್ ತೆಗೆದುಕೊಂಡಳು. ಒಂದು ಗಂಟೆ ಹೀಗೇ ನಡೆಯಿತು, ಅವಳು ಉಜ್ಜುವುದು, ನಾನು ನೀರು ಹಾಕುವುದು.

ಆಗ ಅವಳೇ ಬಾಯಿ ಬಿಟ್ಟಳು. ಶುಕ್ರವಾರ ಆಟೋ ಹತ್ತುವಾಗ ಅವಳಮ್ಮನ ಕಾಲು ಜಾರಿ ಮೊಣಕಾಲು ತರಚಿತ್ತು. ‘ಇನ್ ಸಾಕು ಕಣೆ, ನಾನ್ ಎಲ್ಲೂ ಬರಲ್ಲ, ಮನೇಲೇ ಬಿದ್ದಿರ್ತೀನಿ ಅಂತಿದಾಳೆ ಅಮ್ಮ. ಈಗ ಬಿಟ್ರೆ ಕಾಲು ಹೀಗೇ ಉಳಿಯುತ್ತೆ ಅಂತ ಡಾಕ್ಟ್ರು ಹೇಳಿದಾರೆ.’

‘ನೀನು ಕಾರು...’ ಎಂದು ಶುರು ಮಾಡಿದೆ.

‘ಬೇಡ. ಕೂತ್ರೆ ಕೈ ನಡುಗುತ್ತೆ ನಂಗೆ. ಎಲ್ರೂ ನೋಡ್ತಾ ನಿಂತಿರೋದೇ ಕಣ್ಮುಂದೆ ಬರುತ್ತೆ.’

ತಪ್ಪು ನನ್ನದು ಎಂಬ ಎರಡು ಮಾತು ಹೇಳಬೇಕಿತ್ತು. ನಾನು ಹೇಳಿದ್ದು ಇಷ್ಟು: ‘ನಾಳಿದ್ದು ಪ್ರೈಮರ್ ಹೊಡೀಬಹುದು ಅನ್ಸುತ್ತೆ.’ ಅವಳು ಕೈ ತೊಳೆದುಕೊಂಡು, ಬಟ್ಟೆ ಎತ್ತಿಕೊಂಡು ಕೆಳಗೆ ಹೋದಳು.

ಬಣ್ಣದ ನಂಬರು ಕಾರಿನ ಬಾಗಿಲ ಸಂದಿಯಲ್ಲಿ ಚೀಟಿಯ ಮೇಲಿರುತ್ತದೆ. ಅದನ್ನು ಬರೆದುಕೊಂಡು ಕಾರಿನ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗಿ ಅದೇ ಕಡುನೀಲಿಯನ್ನು ಬೆರೆಸಿ ಸ್ಪ್ರೇ ಡಬ್ಬಿಗೆ ತುಂಬಿಸಿಕೊಂಡು ಬಂದೆ. ಬೂದು ಬಣ್ಣದ ಪ್ರೈಮರ್, ಆಮೇಲೆ ನೀಲಿ, ಎಲ್ಲದರ ಮೇಲೆ ಹೊಳಪಿಗೆ ಲ್ಯಾಕರ್. ಹೇಳಿದರೆ ಮೂರೇ ಮಾತು, ಆದರೆ ಆ ವಾರವೆಲ್ಲ ದಿನಾ ತುಂತುರು. ಟೆರೇಸಿನ ಮೆಟ್ಟಿಲ ಮೇಲಿನ ಶೀಟಿನ ಕೆಳಗೆ ಬಂಪರನ್ನು ತೂಗುಹಾಕಿ, ಬಿಸಿಲಿನ ಒಂದೊಂದು ತುಣುಕಿಗೂ ಕಾದೆ. ಕೊನೆಯ ಲ್ಯಾಕರ್ ಹೊಡೆದದ್ದು ಹಬ್ಬದ ಹಿಂದಿನ ಸಂಜೆ. ‘ಇಪ್ಪತ್ನಾಲ್ಕು ಗಂಟೆ ಯಾರೂ ಮುಟ್ಟಂಗಿಲ್ಲ’ ಎಂದು ಮನೆಯಲ್ಲಿ ಸಾರಿದೆ. ಮನೆಯಲ್ಲಿ ಇದ್ದದ್ದು ನಾವಿಬ್ಬರೇ.

ಬೆಳಿಗ್ಗೆ ಬಂಪರ್ ಕನ್ನಡಿಯಂತೆ ಹೊಳೆಯುತ್ತಿತ್ತು. ಒಳಗಿನ ಅಂಚು ಹಿಡಿದು ಇಬ್ಬರೂ ಸೇರಿ ಕೂಡಿಸಿದೆವು. ಸೀಳಿದ್ದ ಜಾಗ ಯಾವುದೆಂದು ನನಗೇ ತಿಳಿಯಲಿಲ್ಲ. ಕಾರು ತೊಳೆದು, ಸೇವಂತಿಗೆ ಹಾರ ಹಾಕಿ, ಬಾಳೆಕಂದು ಕಟ್ಟಿದೆವು. ಬೀದಿಯಲ್ಲಿ ಎಲ್ಲರ ಗಾಡಿಗೂ ಪೂಜೆ. ಎದುರುಮನೆಯ ಯಜಮಾನರು ತಮ್ಮ ಸ್ಕೂಟರಿಗೆ ಆರತಿ ಎತ್ತುತ್ತಿದ್ದರು. ನಾನು ಮುಂದಿನ ಬಾನೆಟ್ಟಿಗೆ ಮೂರು ಬೆರಳಿನಿಂದ ಗಂಧ ಎಳೆದು ಕುಂಕುಮ ಇಟ್ಟೆ. ಬಾಗಿಲುಗಳಿಗೆ ಇಟ್ಟೆ. ಅದೇ ಓಘದಲ್ಲಿ ಹಿಂದಕ್ಕೆ ಬಂದು, ಎಲ್ಲಕ್ಕಿಂತ ಹೆಚ್ಚು ಭಕ್ತಿಯಿಂದ, ಬಂಪರಿನ ಎಡಮೂಲೆಯ ಮೇಲೂ ಮೂರು ಬೆರಳು ಎಳೆದು ಕುಂಕುಮ ಒತ್ತಿಬಿಟ್ಟೆ.

ಬೆರಳು ಅಂಟಿಕೊಂಡಿತು. ಲ್ಯಾಕರ್ ಒಳಗೆ ಇನ್ನೂ ಒಣಗಿರಲಿಲ್ಲ. ಕೈ ತೆಗೆದಾಗ ಮೂರು ಬೆರಳಿನ ಗುರುತೂ ಗೆರೆಗಳ ಸಮೇತ ಅಚ್ಚಾಗಿತ್ತು. ಗಾಬರಿಯಲ್ಲಿ ಟವೆಲ್ಲಿನಿಂದ ಒರೆಸಿದೆ. ಕುಂಕುಮ ನೀಲಿಯ ಮೇಲೆಲ್ಲ ಹರಡಿ, ಟವೆಲ್ಲಿನ ನೂಲೂ ಅದಕ್ಕೆ ಸೇರಿಕೊಂಡಿತು. ಮೂರು ವಾರದ ಕೆಲಸ ಮೂರು ನಿಮಿಷದಲ್ಲಿ ಹೋಯಿತು.

ಹೆಂಡತಿ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಎದ್ದು ಬಂದಳು. ನೋಡಿದಳು. ಬೀದಿ ತುಂಬ ಜನ. ಕಣ್ಣು ಎಲ್ಲಿಟ್ಟುಕೊಂಡಿದ್ದೀರಿ ಎಂದು ಅವಳು ಕೂಗಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಅವಳು ಸೆರಗಿನ ತುದಿಯಿಂದ ನನ್ನ ಬೆರಳಿಗೆ ಮೆತ್ತಿದ್ದ ಅಂಟನ್ನು ಒರೆಸಿದಳು, ಅಷ್ಟೇ.

ಎದುರುಮನೆಯವರು ರಸ್ತೆ ದಾಟಿ ಬಂದರು. ‘ಏನ್ ಸಾರ್, ಕುಂಕುಮ ಹಂಗೇ ಹತ್ಕೊಂಬಿಡ್ತಾ? ಹೋಗ್ಲಿ ಬಿಡಿ. ಅಮ್ಮಾವ್ರು ಗುದ್ದಿದ್ ಜಾಗ ಅಲ್ವಾ, ದೃಷ್ಟಿ ತೆಗ್ದಂಗಾಯ್ತು.’

‘ಅವಳು ಗುದ್ದಿಲ್ಲ’ ಎಂದೆ. ದನಿ ನಾನೆಣಿಸಿದ್ದಕ್ಕಿಂತ ಜೋರಾಗಿ ಬಂತು, ಪಕ್ಕದ ಮನೆಯವರೂ ತಿರುಗಿದರು. ‘ಕನ್ನಡಿ ನೋಡ್ಬೇಡ ಅಂದೋನು ನಾನು. ಬರ್ಲಿ ಬರ್ಲಿ ಅಂತ ಫೋನ್ ನೋಡ್ತಾ ನಿಂತಿದ್ದೋನೂ ನಾನೇ. ಆಮೇಲೆ ನಿಮ್ಮೆಲ್ಲರ ಮುಂದೆ ಅವಳನ್ನ ಬೈದೆ. ತಪ್ಪು ನಂದು.’

ನನ್ನ ಹೆಂಡತಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ ಹೇಳಿದಳು. ‘ಇದನ್ನ ಅವತ್ತೇ ಹೇಳಿದ್ರೆ ಬಂಪರ್ ಬಿಚ್ಚೋದೇ ಬೇಕಿರ್ಲಿಲ್ಲ ರೀ. ಸೀಳಿದ್ದನ್ನೇ ಓಡಿಸ್ಕೊಂಡ್ ಹೋಗ್ತಿದ್ದೆ.’

ಒಳಗೆ ಹೋದಳು. ಬರುವಾಗ ಒಂದು ಕೈಯಲ್ಲಿ ಪಾಯಸದ ಡಬ್ಬಿ, ಇನ್ನೊಂದರಲ್ಲಿ ಕೀ. ಕೀಗೂ ಕುಂಕುಮ ಹತ್ತಿತ್ತು. ‘ಅಮ್ಮನ್ನ ಕೂರಿಸ್ಕೊಂಡು ಒಂದ್ ರೌಂಡ್ ಬರ್ತೀನಿ. ಸೋಮವಾರದಿಂದ ಕಾರಲ್ಲೇ ಆಸ್ಪತ್ರೆ ಅಂತ ಹೇಳ್ಬೇಕು’ ಎಂದು ಡ್ರೈವರ್ ಸೀಟಿನಲ್ಲಿ ಕೂತು ಸ್ಟಿಯರಿಂಗನ್ನು ಎರಡು ಕೈಯಲ್ಲಿ ಹಿಡಿದಳು. ಪ್ರತಿ ವರ್ಷ ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸುವವನು ನಾನು. ಗೇಟು ತೆಗೆದು ಪಕ್ಕಕ್ಕೆ ಸರಿದೆ.

ನಾಲ್ಕು ನಿಂಬೆಹಣ್ಣೂ ಪಿಚಕ್ಕೆಂದವು. ಅವಳು ಎಡಗನ್ನಡಿ ನೋಡಿದಳು, ನಿಲ್ಲಿಸಿದಳು, ಕತ್ತು ತಿರುಗಿಸಿ ನೋಡಿದಳು, ಮತ್ತೆ ಒಂದಿಷ್ಟು ಹಿಂದಕ್ಕೆ ಬಂದಳು. ಒರಳುಕಲ್ಲಿಗೆ ಇನ್ನು ಎರಡು ಮೊಳವಿತ್ತು. ಎದುರುಮನೆಯ ಯಜಮಾನರು ಅಭ್ಯಾಸಬಲದಿಂದ ಕೈ ಎತ್ತಿ ‘ಬರ್...’ ಎಂದು ಬಾಯಿ ತೆರೆದರು.

ನಾನು ಅವರ ಕೈ ಹಿಡಿದುಕೊಂಡೆ.