ಸ್ಕೀ ಅಂಗಡಿಯಲ್ಲಿ ಬರೆದುಕೊಟ್ಟ ವಯಸ್ಸು

ಸೈಪ್ರೆಸ್ ಊರಿನ ನಮ್ಮ ಮನೆಯ ಸುತ್ತಮುತ್ತ ಎತ್ತರದ ಜಾಗ ಎಂದರೆ ಫ್ರೀವೇಯ ಫ್ಲೈಓವರ್ ಒಂದೇ. ಅಂಥ ಊರಲ್ಲಿ ಕೂತು ನಾನೂ ನನ್ನ ಗಂಡನೂ ಹಿಮಬೆಟ್ಟ ಹತ್ತುವ ಸಾಮಾನು ಆರಿಸಲು ಹೊರಟೆವು. ಮಗಳು ಕಾಲೇಜಿಗೆ ಹೋದ ಮೇಲೆ ಶನಿವಾರ ಭಾನುವಾರ ಏನು ಮಾಡಬೇಕೆಂದು ಇಬ್ಬರಿಗೂ ತೋಚುತ್ತಿರಲಿಲ್ಲ. ಜಾರ್ಜ್‌ಟೌನ್‌ನಲ್ಲಿರುವ ಸ್ನೇಹಿತ ದಂಪತಿ, ಮಾರ್ಚ್‌ನಲ್ಲಿ ಕೊಲರಾಡೊಗೆ ಹೋಗೋಣ, ಈ ಸಲ ಲಿಫ್ಟ್‌ನಲ್ಲಿ ಕೂತು ಮೇಲೆ ಹೋಗುವುದು ಬೇಡ, ಗೈಡ್ ಜೊತೆ ನಾವೇ ಹತ್ತಿ ಸ್ಕೀ ಮೇಲೆ ಇಳಿಯೋಣ ಎಂದರು. ಯಾವ ಧೈರ್ಯದಲ್ಲೋ ಹೂಂ ಎಂದುಬಿಟ್ಟೆ.

ನನ್ನ ಗಂಡ ಯಾವ ಕೆಲಸವನ್ನೂ ಪಟ್ಟಿ ಮಾಡದೆ ಶುರು ಮಾಡುವವರಲ್ಲ. ಹಿಮದಡಿ ಹೂತುಹೋದವರನ್ನು ಹುಡುಕುವ ಟ್ರಾನ್ಸೀವರ್, ಚುಚ್ಚಿ ನೋಡುವ ಉದ್ದನೆಯ ಕೋಲು, ಸಲಿಕೆ, ಮಂಜುಗಡ್ಡೆಗೆ ಕಚ್ಚಿಸುವ ಐಸ್ ಆಕ್ಸ್, ಹತ್ತುವಾಗ ಹಿಂದಕ್ಕೆ ಜಾರದಂತೆ ಸ್ಕೀ ಅಡಿಗೆ ಅಂಟಿಸುವ ಪಟ್ಟಿ, ಎಲ್ಲದರ ತೂಕವೂ ಗ್ರಾಂ ಲೆಕ್ಕದಲ್ಲಿ ಎಕ್ಸೆಲ್ ಶೀಟಿಗೆ ಹತ್ತಿತು. ಪಾರ್ಸೆಲ್ ಬಂದ ಕೂಡಲೇ ನನ್ನ ಅಡುಗೆಮನೆಯ ತಕ್ಕಡಿ ಅವರ ಕೈಗೆ ಹೋಗುತ್ತಿತ್ತು. ಸಲಿಕೆ ಡಬ್ಬದ ಮೇಲೆ ಬರೆದದ್ದಕ್ಕಿಂತ ಹದಿನೆಂಟು ಗ್ರಾಂ ಹೆಚ್ಚಿಗೆ ತೂಗಿತು ಎಂದು ಅದನ್ನು ಮತ್ತೆ ಡಬ್ಬಕ್ಕೆ ಹಾಕಿದರು.

"ಒಂದು ಹಿಡಿ ಗೋಡಂಬಿಯಷ್ಟು ಜಾಸ್ತಿ ಆಯ್ತು ಅಂತ ಯಾರಾದ್ರೂ ಸಲಿಕೆ ವಾಪಸ್ ಕಳಿಸ್ತಾರಾ?" ಎಂದೆ.

"ಭಾರ ಅಂತ ಅಲ್ಲ. ಸುಳ್ಳು ಬರ್ದಿದಾರೆ, ಅದಕ್ಕೆ."

ಬೂಟಿಗಾಗಿ ಡಾಲಸ್ ತನಕ ಡ್ರೈವ್ ಮಾಡಿದೆವು. ಕಾಲಿಗೆ ಒಗ್ಗಲಿ ಎಂದು ಒಂದು ವಾರ ಆ ಬೂಟು ಹಾಕಿಕೊಂಡೇ ಸಾರಿಗೆ ಒಗ್ಗರಣೆ ಕೊಟ್ಟೆ. ಕೊನೆಗೆ ಉಳಿದದ್ದು ಸ್ಕೀ ಮತ್ತು ಅದರ ಬೈಂಡಿಂಗ್. ಬೂಟನ್ನು ಸ್ಕೀಗೆ ಹಿಡಿದಿಡುವ ಕೀಲು ಅದು. ಬಿದ್ದಾಗ ಅದು ಬಿಟ್ಟುಕೊಳ್ಳಬೇಕು. ತೀರಾ ಬಿಗಿಯಾದರೆ ಕಾಲು ಮುರಿಯುತ್ತದೆ, ತೀರಾ ಸಡಿಲವಾದರೆ ಕಡಿದಾದ ಇಳಿಜಾರಿನಲ್ಲಿ ಸ್ಕೀ ಕಳಚಿಹೋಗುತ್ತದೆ. ಅದನ್ನು ಚೆನ್ನಾಗಿ ಕೂರಿಸಿಕೊಡುತ್ತಾರೆ ಎಂದು ಕೇಳಿ, ನವೆಂಬರ್‌ನ ಒಂದು ಶನಿವಾರ ಆಸ್ಟಿನ್‌ನ ಒಂದು ಅಂಗಡಿಗೆ ಹೋದೆವು.

ಅಲ್ಲಿ ಕೆಲಸ ಮಾಡುತ್ತಿದ್ದವರು ತಲೆ ಪೂರ್ತಿ ನೆರೆತ ಹೆಂಗಸು. ಒಂದೊಂದು ಫಾರ್ಮ್ ಕೊಟ್ಟರು. ತೂಕ, ಎತ್ತರ, ವಯಸ್ಸು, ಎಷ್ಟು ಜೋರಾಗಿ ಸ್ಕೀ ಮಾಡುತ್ತೀರಿ ಎಂಬ ಪ್ರಶ್ನೆ. ನಾನು ನಲವತ್ತೊಂಬತ್ತು ಎಂದು ಬರೆದೆ. ಪಾಸ್‌ಪೋರ್ಟಿನಲ್ಲಿ ಇರುವುದು ಅದೇ.

ಇವರ ಫಾರ್ಮ್ ನೋಡಿ ಆಕೆ ಬೈಂಡಿಂಗ್ ಎಷ್ಟು ಬಿಗಿ ಇರಬೇಕೆಂದು ತೋರಿಸುವ ಪಟ್ಟಿಯಲ್ಲಿ ಒಂದು ಸಾಲು ಮೇಲಕ್ಕೆ ಬೆರಳು ಸರಿಸಿದರು. ಐವತ್ತಾದವರಿಗೆ ಬೈಂಡಿಂಗ್ ಸ್ವಲ್ಪ ಬೇಗ ಬಿಟ್ಟುಕೊಳ್ಳುವಂತೆ ಇಡುತ್ತೇವೆ, ಮೂಳೆ ಮೊದಲಿನಂತೆ ಇರುವುದಿಲ್ಲ ಎಂದರು. ಇವರಿಗೆ ಮೇ ತಿಂಗಳಲ್ಲಿ ಐವತ್ತಾಗಿತ್ತು.

"ನೋಡು, ನಾನು ಆಫಿಶಿಯಲ್ ಆಗಿ ಮುದುಕ. ನೀನಿನ್ನೂ ಹುಡುಗಿ," ಎಂದು ನಗುತ್ತ ಸ್ಕೀ ಕೋಲುಗಳ ಕಡೆ ಹೋದರು.

ನನಗೆ ನಿಜವಾಗಿ ಐವತ್ತೊಂದು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ ತಿಂಗಳ ಒಂದು ತಾರೀಖು ಬರೆದುಕೊಂಡು ನನ್ನನ್ನು ಎರಡು ವರ್ಷ ಚಿಲ್ಲರೆ ಚಿಕ್ಕವಳನ್ನಾಗಿ ಮಾಡಿದ್ದರು. ಅದೇನೂ ದೊಡ್ಡ ವಿಷಯವಲ್ಲ, ನಮ್ಮ ಕಾಲದವರಲ್ಲಿ ಅರ್ಧ ಜನ ಜೂನ್‌ನಲ್ಲೇ ಹುಟ್ಟಿದವರು. ಆದರೆ ಈ ಸಂಬಂಧ ಬಂದಾಗ ಹುಡುಗ ನನಗಿಂತ ಚಿಕ್ಕವನೆಂದು ಗೊತ್ತಾಯಿತು. ಒಳ್ಳೆಯ ಮನೆತನ ಬಿಡಲು ಸೋದರಮಾವನಿಗೆ ಮನಸ್ಸಾಗಲಿಲ್ಲ. ಶಾಲೆಯ ತಾರೀಖು ಇಟ್ಟುಕೊಂಡು ಹೊಸ ಜಾತಕ ಬರೆಸಿದ. ಗುಣಗಳು ಬಹಳ ಚೆನ್ನಾಗಿ ಕೂಡಿ ಬಂದವು, ಇವರಿಗೂ ಆ ಕಾಗದದ ಹುಡುಗಿಗೂ. ನಾನು ತುಟಿ ಪಿಟಕ್ಕೆನ್ನಲಿಲ್ಲ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾದರೂ ಹೇಳಿರಲಿಲ್ಲ. ಹಿಂದೆ ರೆಸಾರ್ಟ್‌ಗಳಲ್ಲಿ ಬಾಡಿಗೆ ಸ್ಕೀ ತೆಗೆದುಕೊಳ್ಳುವಾಗಲೂ ವಯಸ್ಸು ಕೇಳುತ್ತಿದ್ದರು. ಆಗ ನನ್ನ ಎರಡು ವಯಸ್ಸೂ ಐವತ್ತರ ಕೆಳಗೇ ಇದ್ದವು.

ಆಕೆ ನನ್ನನ್ನು ತೂಕದ ಮೆಷಿನ್ ಮೇಲೆ ನಿಲ್ಲಿಸಿದರು. ಎಲ್ಲರೂ ತೂಕ ಕಡಿಮೆ ಬರೆಯುತ್ತಾರೆ, ಅದನ್ನು ಹೀಗೆ ಹಿಡಿಯಬಹುದು, ವಯಸ್ಸಿಗೆ ಮಾತ್ರ ನನ್ನ ಹತ್ತಿರ ಮೆಷಿನ್ ಇಲ್ಲ ಎಂದರು. ತಮಾಷೆಗೆ ಹೇಳಿದ್ದು. ನಾನು ನಗದೆ ಫಾರ್ಮ್ ನೋಡಿದೆ. ಸುಮ್ಮನಿದ್ದರೆ ನನ್ನ ಮೊಣಕಾಲು ಆ ಸುಳ್ಳನ್ನು ಹೊತ್ತುಕೊಂಡು ಬೆಟ್ಟ ಇಳಿಯಬೇಕಿತ್ತು. ಹೇಳಿದರೆ ಹದಿನೆಂಟು ಗ್ರಾಂ ಸುಳ್ಳು ತಡೆಯದ ಗಂಡನ ಮುಂದೆ ನಿಲ್ಲಬೇಕಿತ್ತು. ಇವರು ಇನ್ನೂ ಕೋಲುಗಳ ಹತ್ತಿರವೇ ಇದ್ದರು. ಪೆನ್ನು ತೆಗೆದುಕೊಂಡು ನಲವತ್ತೊಂಬತ್ತನ್ನು ಹೊಡೆದುಹಾಕಿ ಐವತ್ತೊಂದು ಎಂದು ಬರೆದೆ. ಆಕೆ ಏನೂ ಕೇಳದೆ ಸಾಲು ಬದಲಿಸಿದರು.

ಗುಟ್ಟಾಗಿ ಮುಗಿಯಿತು ಎಂದುಕೊಂಡದ್ದು ನನ್ನ ದಡ್ಡತನ. ಕಾಗದ ಎಂದರೆ ಇವರು ಓದದೆ ಬಿಡುವವರಲ್ಲ. ಸ್ಕೀ ತೆಗೆದುಕೊಳ್ಳಲು ಕೌಂಟರಿಗೆ ಬಂದವರು ಎರಡೂ ಹಾಳೆ ಪೂರ್ತಿ ಓದಿದರು.

"ನಿಂದು ತಪ್ಪಾಗಿದೆ. ಐವತ್ತೊಂದು ಅಂತಿದೆ, ಸರಿ ಮಾಡಿಸ್ತೀನಿ ಇರು."

"ತಪ್ಪಲ್ಲ. ಸರಿಯಾಗೇ ಇದೆ," ಎಂದೆ.

ಇವರು ಹಾಳೆಯನ್ನೇ ನೋಡುತ್ತ ನಿಂತರು. "ಅಂದ್ರೆ ನನಗಿಂತ..."

"ಒಂದು ವರ್ಷ ನಾಲ್ಕು ತಿಂಗಳು."

ಕೌಂಟರಿನ ಆಚೆ ಆಕೆ ನಮ್ಮ ಮುಖಗಳನ್ನು ನೋಡಿ, ಏನಾದರೂ ಬದಲಿಸಬೇಕಾ ಎಂದು ಕೇಳಿದರು. ಇವರು ಬೇಡ ಎಂದರು.

ಆಸ್ಟಿನ್‌ನಿಂದ ನಮ್ಮ ಮನೆಗೆ ಎರಡು ಗಂಟೆಗೂ ಹೆಚ್ಚಿನ ದಾರಿ. ಜಾತಕದ ಕತೆಯನ್ನು ಮೊದಲ ಹತ್ತು ನಿಮಿಷದಲ್ಲೇ ಹೇಳಿ ಮುಗಿಸಿದೆ. ಇವರು ಕೇಳಿದ್ದು ಒಂದೇ: "ಯಾರ್ಯಾರಿಗೆ ಗೊತ್ತು ಇದು?"

"ಅಮ್ಮಂಗೆ, ಮಾವಂಗೆ. ಮಾವ ಹೋದ್ನಲ್ಲ, ಈಗ ಅಮ್ಮಂಗೆ ಮಾತ್ರ."

ಒಂದು ಗಂಟೆಯ ದಾರಿ ಸಾಗಿತು. ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ ರಸ್ತೆ ನೋಡುತ್ತಲೇ, "ಕಾಫಿ ಕುಡೀತೀರಾ?" ಎಂದರು.

ನನಗೆ ಹೇಳಿದ್ದು ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು.

"ಹಾಗೆಲ್ಲ ಮಾತಾಡ್ಬೇಡಿ."

"ದೊಡ್ಡೋರಿಗೆ ಮರ್ಯಾದೆ ಕೊಡ್ಬೇಕಲ್ಲ."

ತುಟಿಯಲ್ಲಿ ನಗು ಇರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಬಹುವಚನ ನನ್ನನ್ನು ಯಾರದೋ ಮನೆಯ ಜಗುಲಿಯಲ್ಲಿ ಕೂರಿಸಿ ನೀರು ಕೊಟ್ಟ ಹಾಗಿತ್ತು. ಅಳು ಬಂತು. ತಪ್ಪು ನನ್ನ ಕಡೆಯೇ ಇದ್ದುದರಿಂದ ಸಿಟ್ಟೂ ಬಂತು. ಕಾಫಿ ಬೇಡ ಎಂದೆ.

ಮತ್ತೆ ರಸ್ತೆಗೆ ಬಿದ್ದ ಮೇಲೆ ಕೇಳಿದರು, "ನಿಜವಾದ ಹುಟ್ಟಿದಬ್ಬ ಯಾವತ್ತು?"

"ಜನವರಿ ಹದಿನೆಂಟು."

"ಜೂನಲ್ಲಿ ನಾನು ಕೇಕ್ ತರ್ತಿದ್ದೆ."

"ಹೂಂ. ತಿಂತಿದ್ದೆ."

"ಜನವರೀಲಿ ಏನ್ ಮಾಡ್ತಿದ್ರಿ?"

"ಏನಿಲ್ಲ. ನೀವು ಆಫೀಸಿಗೆ ಹೋದ್ಮೇಲೆ ಎಣ್ಣೆ ಹಚ್ಕೊಂಡು ಸ್ನಾನ ಮಾಡ್ತಿದ್ದೆ. ಅಮ್ಮ ಫೋನ್ ಮಾಡೋರು. ಅಷ್ಟೆ."

"ಬೆನ್ನಿಗೆ ಎಣ್ಣೆ ಯಾರು ಹಚ್ತಿದ್ರು?"

"ಯಾರು ಹಚ್ತಾರೆ. ಕೈ ಎಟುಕಿದಷ್ಟು ನಾನೇ."

ಹಿಂದಿನ ಸೀಟಿನ ಮೇಲೆ ಎರಡು ಜೊತೆ ಸ್ಕೀಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಸೈಪ್ರೆಸ್‌ನ ಎಕ್ಸಿಟ್ ತೆಗೆದುಕೊಂಡು ಸಿಗ್ನಲ್‌ನಲ್ಲಿ ಕಾರು ನಿಂತಾಗ, ಸ್ಟೀರಿಂಗ್ ಮೇಲಿನ ಕೈ ತೆಗೆಯದೆ, "ಹೇಳಿದ್ದಿದ್ರೆ ಬೆನ್ನಿಗೆ ನಾನು ಹಚ್ತಿದ್ನಲ್ಲೇ," ಎಂದರು.