ಇಳಿಜಾರು ಹಲಗೆ

ಬೋರ್ಗ್ನಿ ಹೆನ್ರಿಕ್ಸೆನ್ ಹೇಡಿ. ಅವಳನ್ನು ಶಾಲೆಯ ದಿನಗಳಿಂದ ಬಲ್ಲವಳಾಗಿ ಹೇಳುತ್ತಿದ್ದೇನೆ, ಸಿಟ್ಟಿನಿಂದಲ್ಲ. ಅವಳು ಕೆಟ್ಟವಳಲ್ಲ, ಜಿಪುಣಿಯೂ ಅಲ್ಲ. ಯಾರಿಗಾದರೂ ಹುಷಾರಿಲ್ಲವೆಂದರೆ ಮೀನಿನ ಸಾರು ಹೊತ್ತು ಮೆಟ್ಟಿಲು ಹತ್ತುವವಳೇ. ಆದರೆ ನಾಲ್ಕು ಜನರ ಎದುರು ಒಬ್ಬರ ಪಕ್ಕ ನಿಲ್ಲಬೇಕಾಗಿ ಬಂದರೆ, ಅವಳ ಕಾಲು ತಾನಾಗಿಯೇ ದೊಡ್ಡ ದನಿಯಿರುವ ಕಡೆಗೆ ಸರಿದುಬಿಡುತ್ತದೆ.

ಹರೆಯದಲ್ಲಿ ಅವಳೂ ನಮ್ಮಿಬ್ಬರ ಗೆಳತಿ ಇಂಗೆಲಿವ್‌ಳೂ ಮೀನಿನ ಕಾರ್ಖಾನೆಯಲ್ಲಿ ಅಕ್ಕಪಕ್ಕ ನಿಂತು ಮೀನು ಕೊಯ್ಯುತ್ತಿದ್ದರು. ತಣ್ಣೀರಿನಲ್ಲಿ ಕೈ ಮರಗಟ್ಟುತ್ತದೆಂದು ಹೆಂಗಸರೆಲ್ಲ ಒಮ್ಮೆ ಕೆಲಸ ನಿಲ್ಲಿಸಿದರು. “ಬಿಸಿನೀರು ಕೊಡೋವರೆಗೂ ಚಾಕು ಮುಟ್ಟಲ್ಲ!” ಎಂದು ಮೊದಲು ಕೂಗಿದವಳು ಬೋರ್ಗ್ನಿ. ಮರುದಿನ ಬೆಳಿಗ್ಗೆ ಮೊದಲು ಚಾಕು ಹಿಡಿದವಳೂ ಅವಳೇ. ಇಂಗೆಲಿವ್ ಆಗ ಗೇಟಿನ ಹೊರಗೆ ಹಿಮದಲ್ಲಿ ನಿಂತಿದ್ದಳು. ಆದರೂ ಸ್ನೇಹ ಬಿಡಲಿಲ್ಲ. “ಜಗಳ ಅಂದ್ರೆ ಅವಳಿಗೆ ಆಗಲ್ಲ ಕಣೇ, ಬಿಡು” ಎಂದು ನನಗೇ ಸಮಾಧಾನ ಹೇಳಿದ್ದಳು.

ವಯಸ್ಸಾದ ಮೇಲೆ ಮೂವರೂ ವಾರ್ಡೊ ದ್ವೀಪದ ಬಂದರಿನ ಒಂದೇ ಹಳದಿ ಕಟ್ಟಡಕ್ಕೆ ಬಂದು ಸೇರಿದೆವು. ಇಂಗೆಲಿವ್ ಮೇಲಿನ ಮಹಡಿಯಲ್ಲಿ, ಅವಳ ಕೆಳಗೆ ಬೋರ್ಗ್ನಿ, ನಾನು ನೆಲಮಹಡಿಯಲ್ಲಿ. ಕಟ್ಟಡ ನಿವಾಸಿಗಳ ಸಂಘದ್ದು, ಬೋರ್ಗ್ನಿ ಸಂಘದ ಅಧ್ಯಕ್ಷೆ. ಸಭೆಯ ಒಪ್ಪಿಗೆಯಿಲ್ಲದೆ ಹೊರಗೋಡೆಗೆ ಒಂದು ಮೊಳೆ ಹೊಡೆಯುವಂತಿಲ್ಲ. ಹೊಸದಾಗಿ ಬಂದ ಲಾಟ್ವಿಯಾದ ದಂಪತಿ ಕಿಟಕಿಗೆ ಕೆಂಪು ಹೂವಿನ ಪೆಟ್ಟಿಗೆ ತೂಗುಹಾಕಿದಾಗ, ಬೋರ್ಗ್ನಿ ಸ್ವತಃ ನಿಂತು ಅದನ್ನು ಇಳಿಸಿದ್ದಳು.

ಕಡಲ ಬಂಡೆಗಳನ್ನು ಬಿಟ್ಟು ಕ್ರಿಕ್ಯೆ ಎಂಬ ಬಿಳಿ ಕಡಲಹಕ್ಕಿಗಳು ಊರೊಳಗೆ ಬರತೊಡಗಿ ಕೆಲವು ವರ್ಷಗಳಾಗಿವೆ. ನಮ್ಮ ಕಿಟಕಿಗಳ ಹೊರಗಿನ ಸಿಮೆಂಟಿನ ಚಾಚು ಅವಕ್ಕೆ ಬಂಡೆಯ ಅಂಚಿನಂತೆಯೇ ಕಾಣುತ್ತದೆ. ನಮ್ಮ ಕಟ್ಟಡದಲ್ಲೇ ನನ್ನ ಎದುರು ಮನೆಯ ತೋರ್‌ಫಿನ್ ಪ್ಲಾಸ್ಟಿಕ್ ಗೂಬೆ ತಂದಿಟ್ಟ. ವಾರದೊಳಗೆ ಒಂದು ಹಕ್ಕಿ ಅದರ ತಲೆಯ ಮೇಲೆ ಕೂತು ಕಿರುಚುತ್ತಿತ್ತು. ಪಕ್ಕದ ಕಟ್ಟಡದವರು ಬಲೆ ಕಟ್ಟಿದರು. ಕಾಲು ಸಿಕ್ಕಿಕೊಂಡ ಹಕ್ಕಿಗಳು ತಲೆಕೆಳಗಾಗಿ ನೇತಾಡಿ ಸತ್ತವು, ಶಾಲೆಗೆ ಹೋಗುವ ಮಕ್ಕಳು ಅದನ್ನು ನೋಡಿದರು. ಆಮೇಲೆ ಬಲೆಯ ಮಾತನ್ನು ಯಾರೂ ಎತ್ತಲಿಲ್ಲ. ನಿಜಕ್ಕೂ ಕೆಲಸ ಮಾಡುವುದು ಸರಳವಾದದ್ದು: ಚಾಚಿನ ಮೇಲೆ ಓರೆಯಾಗಿ ಒಂದು ಹಲಗೆ. ಅದರ ಮೇಲೆ ಕಾಲೂ ನಿಲ್ಲದು, ಗೂಡಿಗೆಂದು ಅವು ತರುವ ಕೆಸರು, ಪಾಚಿಯೂ ನಿಲ್ಲದು. ಹಕ್ಕಿ ನೋವಿಲ್ಲದೆ ಬೇರೆ ಜಾಗ ಹುಡುಕಿಕೊಳ್ಳುತ್ತದೆ. ಆದರೆ ಹಲಗೆಯನ್ನು ಮಾರ್ಚಿಯಲ್ಲಿ ಅವು ಬರುವ ಮುಂಚೆ ಹಾಕಬೇಕು. ಗೂಡು ಕಟ್ಟಿದ ಮೇಲೆ ಅದನ್ನು ಮುಟ್ಟಲು ಕಾನೂನು ಬಿಡುವುದಿಲ್ಲ. ಬಿಡಲೂಬಾರದು.

ಇಂಗೆಲಿವ್‌ಳ ಶ್ವಾಸಕೋಶ ಆ ಹಿಕ್ಕೆಯ ದೂಳಿಗೆ ಸೋತಿತ್ತು. ಅವಳ ಮಲಗುವ ಕೋಣೆಯ ಚಾಚೇ ಇಡೀ ಕಟ್ಟಡದಲ್ಲಿ ಅಗಲವಾದದ್ದು. ಇನ್ನೊಂದು ಬೇಸಿಗೆ ಕಿಟಕಿಯಲ್ಲಿ ಗೂಡಿದ್ದರೆ ಆ ಮನೆ ಬಿಡಲೇಬೇಕು, ಸಮುದ್ರದಡಿಯ ಸುರಂಗ ದಾಟಿ ವೃದ್ಧರ ಆರೈಕೆ ಮನೆ ಸೇರಬೇಕು ಎಂದು ವೈದ್ಯರು ಹೇಳಿದ್ದರು. ಅವಳ ಅಕ್ಕ ಅಲ್ಲಿಗೆ ಹೋದವಳು ವಾಪಸು ಬಂದಿರಲಿಲ್ಲ.

“ಮಾರ್ಚಿಗೆ ಮುಂಚೆ ಹಲಗೆ ಹಾಕಿಸ್ತೀನಿ. ಅದು ನನ್ನ ತಲೆನೋವು, ನೀನು ಸುಮ್ನೆ ಕಾಫಿ ಕುಡಿ” ಎಂದಿದ್ದಳು ಬೋರ್ಗ್ನಿ, ನನ್ನ ಮನೆಯಲ್ಲಿ, ನನ್ನೆದುರಿಗೆ.

ಫೆಬ್ರವರಿಯಲ್ಲಿ ಸಂಘದ ಸಭೆ ನಡೆಯಿತು. ಮೇಜಿನ ಮೇಲೆ ಕಾಫಿ, ಅಚ್ಚಿನಿಂದ ಆಗಷ್ಟೇ ತೆಗೆದ ಬಿಸಿ ವಾಫಲ್, ಕಂದು ಚೀಸ್. ಇಂಗೆಲಿವ್ ಎದ್ದು ಹಲಗೆಯ ವಿಷಯ ಹೇಳಿದಳು.

ತೋರ್‌ಫಿನ್ ಕುರ್ಚಿಗೆ ಒರಗಿದ. “ಹೊರಗಿನ ಕೆಲಸ ಎಲ್ಲಾ ದುಗ್ನಾಡ್ ದಿನ. ದುಗ್ನಾಡ್ ಮೇ ತಿಂಗಳ ಕೊನೇ ಶನಿವಾರ. ನಮ್ಮಪ್ಪನ ಕಾಲದಿಂದ ಹಂಗೇ ನಡ್ಕೊಂಡು ಬಂದಿದೆ.”

ದುಗ್ನಾಡ್ ಎಂದರೆ ಹಿಮ ಕರಗಿದ ಮೇಲೆ ಕಟ್ಟಡದವರೆಲ್ಲ ಪೊರಕೆ, ಕುಂಚ ಹಿಡಿದು ಕೂಡಿ ದುಡಿಯುವ ದಿನ. ಆ ದಿನ ಬಿಟ್ಟು ಒಬ್ಬರೇ ಮುಂದೆ ಬಿದ್ದು ಏನಾದರೂ ಮಾಡಿದರೆ, ಉಳಿದವರನ್ನು ಸೋಮಾರಿಗಳೆಂದು ಹಂಗಿಸಿದಂತೆ. ಮೇ ಹೊತ್ತಿಗೆ ಗೂಡು ಕಟ್ಟಿ ಮುಗಿದಿರುತ್ತದೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

“ಮೇನಲ್ಲಿ ಹಲಗೆ ಹಾಕೋದು ಎಲ್ಲಿ, ಮೊಟ್ಟೆ ಮೇಲಾ?” ಎಂದೆ ನಾನು.

“ಹಕ್ಕಿ ಬೇಗ ಬರತ್ತೆ ಅಂತ ದುಗ್ನಾಡನ್ನೂ ಎಳ್ಕೊಂಡು ಬರೋಣ್ವಾ? ನಾಳೆ ಕಾಡ್ ಮೀನು ಕೇಳ್ತು ಅಂತ ಕ್ರಿಸ್‌ಮಸ್ಸನ್ನ ಜೂನ್‌ಗೆ ಹಾಕೋಣ! ಮಂಜುಗಡ್ಡೆ ಮೇಲೆ ಏಣಿ ಇಟ್ಟು ನನ್ನ ಸೊಂಟ ಮುರೀಲಿ ಅಂತಾನಾ?” ಎಂದ ತೋರ್‌ಫಿನ್.

“ಏಣಿ ಬೇಡ್ವೋ, ಕಿಟಕಿ ತೆಗೆದು ಒಳಗಿಂದ್ಲೇ ಹಾಕ್ಬೋದು” ಎಂದಳು ಇಂಗೆಲಿವ್. ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಉಬ್ಬಸ ಬಂದಿತ್ತು.

ಕೈ ಎತ್ತಿಸಿದರು. ಎರಡೂ ಕಡೆ ಸರಿಸಮ. ಹಾಗಾದಾಗ ಅಧ್ಯಕ್ಷರ ಮಾತೇ ಕೊನೆ. ಎಲ್ಲರೂ ಬೋರ್ಗ್ನಿಯ ಕಡೆ ತಿರುಗಿದರು. ಇಂಗೆಲಿವ್ ಮಾತ್ರ ತಿರುಗಲಿಲ್ಲ. ಅವಳು ಆಗಲೇ ನಿಶ್ಚಿಂತೆಯಿಂದ ಕೂತು ಉಸಿರು ಸುಧಾರಿಸಿಕೊಳ್ಳುತ್ತಿದ್ದಳು.

ಬೋರ್ಗ್ನಿ ತನ್ನ ತಟ್ಟೆ ನೋಡುತ್ತಾ ಹೇಳಿದಳು: “ಪದ್ಧತಿ ಅಂತ ಒಂದಿದೆಯಲ್ಲ. ಮೇನಲ್ಲೇ ಇರ್ಲಿ.”

ಇಂಗೆಲಿವ್ ನಿಧಾನವಾಗಿ ಎದ್ದಳು. ತನ್ನ ಕೀಲಿಗೊಂಚಲಿನಿಂದ ಬೋರ್ಗ್ನಿಯ ಮನೆಯ ಕೀಲಿ ಬಿಡಿಸಿ, ಅವಳ ತಟ್ಟೆಯಲ್ಲಿ, ಅರ್ಧ ತಿಂದ ವಾಫಲ್ ಪಕ್ಕ ಇಟ್ಟಳು.

“ಬಿಸಿನೀರು ಕೊಡೋವರೆಗೂ ಅಂದಿದ್ದೆ ಅಲ್ವೇನೇ ಅವತ್ತೂ?”

ಬೋರ್ಗ್ನಿಯ ಬಳಿಯಿದ್ದ ತನ್ನ ಮನೆಯ ಕೀಲಿಯನ್ನು ವಾಪಸು ಕೇಳಲಿಲ್ಲ. ಕೇಳುವುದಕ್ಕೂ ಮಾತಾಡಬೇಕಲ್ಲ.

ಮಾರ್ಚಿಯ ಮೊದಲಲ್ಲೇ ಇಂಗೆಲಿವ್‌ಗೆ ನ್ಯುಮೋನಿಯಾ ಆಯಿತು. ಕಿರ್ಕೆನೆಸ್ ಆಸ್ಪತ್ರೆಗೆ ಕರೆದೊಯ್ಯುವಾಗ ಬೋರ್ಗ್ನಿ ಮೆಟ್ಟಿಲ ತಿರುವಿನಲ್ಲಿ ನಿಂತಿದ್ದಳು. ಇಂಗೆಲಿವ್ ಗೋಡೆಯ ಕಡೆ ಮುಖ ಮಾಡಿಕೊಂಡು ಇಳಿದಳು. ಅವಳು ಅಲ್ಲಿರುವಾಗಲೇ ಹಕ್ಕಿಗಳು ಬಂದವು. ಮನೆ ಖಾಲಿ ಮಾಡುವುದೇ ಸರಿ ಎಂದು ನಾನು ರಟ್ಟಿನ ಪೆಟ್ಟಿಗೆಗಳನ್ನೂ ಹೊಂದಿಸಿಟ್ಟೆ.

ಈಸ್ಟರ್ ಕಳೆದು ಅವಳು ಮರಳಿದ ದಿನ ಚೀಲ ಹಿಡಿದು ಜೊತೆಗೆ ಮೇಲೆ ಹೋದೆ. ಮಲಗುವ ಕೋಣೆಯ ಪರದೆ ಸರಿಸಿದರೆ, ಹೊರಗಿನ ಚಾಚಿನ ಮೇಲೆ ಓರೆಯಾಗಿ ಒಂದು ಹಲಗೆ. ಗೋಡೆಯದೇ ಹಳದಿ ಬಣ್ಣ ಬಳಿದಿದ್ದರಿಂದ ಬೀದಿಯಿಂದ ಕಾಣುವಂತಿರಲಿಲ್ಲ. ಒಂದು ಹಿಕ್ಕೆಯ ಕಲೆಯೂ ಇಲ್ಲ.

ಇಂಗೆಲಿವ್ ಬಹಳ ಹೊತ್ತು ನೋಡಿದಳು. “ತೋರ್‌ಫಿನ್‌ಗೆ ನಾಚಿಕೆ ಆಗಿ ಏಣಿ ಹಾಕಿರ್ಬೇಕು. ಬಾಯಿ ಜೋರು, ಮನಸ್ಸು ಒಳ್ಳೇದು. ಆ ಇನ್ನೊಬ್ಬಳಿಗೆ ಅಷ್ಟೂ ಇಲ್ಲ.”

ನನಗೂ ಹಾಗೆಯೇ ಅನ್ನಿಸಿತು. ಅವಳು ಕೇಕ್ ಮಾಡಿ ತೋರ್‌ಫಿನ್‌ಗೆ ಕಳಿಸಿದಳು. ಅವನು ಯಾಕೆಂದು ಕೇಳದೆ ತಿಂದ.

ಮೇ ಕೊನೆಯ ಶನಿವಾರ ದುಗ್ನಾಡ್. ಬಿಸಿಲಿತ್ತು. ಇಂಗೆಲಿವ್ ಕಂಬಳಿ ಹೊದ್ದು ಬೆಂಚಿನಲ್ಲಿ ಕೂತು ಮಕ್ಕಳಿಗೆ ಸಾಸೇಜ್ ಹಂಚುತ್ತಿದ್ದಳು. ಉಸಿರು ಸಲೀಸಾಗಿತ್ತು. ಬೋರ್ಗ್ನಿ ಅಂಗಳದ ತುದಿಯಲ್ಲಿ ಒಬ್ಬಳೇ ಹುಲ್ಲಿನ ನಡುವಿನ ಪಾಚಿ ಕೆರೆದು ಬಕೆಟ್ ತುಂಬಿಸುತ್ತಿದ್ದಳು. ಕೆಮ್ಮುತ್ತಲೂ ಇದ್ದಳು.

“ಏನೇ ಬೋರ್ಗ್ನಿ, ಪಾಚಿ ಸಾರಾ ಇವತ್ತು?” ಎಂದ ತೋರ್‌ಫಿನ್.

“ಹೂವಿನ ಕುಂಡಕ್ಕೆ” ಎಂದು ಬಕೆಟ್ ಎತ್ತಿಕೊಂಡು ಒಳಗೆ ನಡೆದಳು. ಅವಳ ಮನೆಯಲ್ಲಿ ಒಂದು ಕುಂಡವನ್ನೂ ನಾನು ಕಂಡದ್ದಿಲ್ಲ.

ಸ್ವಲ್ಪ ಹೊತ್ತಿಗೆ ಸಂಘದ ದೊಡ್ಡ ಕಾಫಿ ಪಾತ್ರೆ ತರಲು ಅವಳ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಡುತ್ತಲೇ ಹಿಕ್ಕೆಯ ನಾತ ಮೂಗಿಗೆ ಹೊಡೆಯಿತು. ಅವಳ ಹಾಸಿಗೆ ಹಜಾರದ ನೆಲದ ಮೇಲಿತ್ತು. ಮಲಗುವ ಕೋಣೆಯಿಂದ ಕಿವಿ ಗಡಚಿಕ್ಕುವ ಕಿರುಚಾಟ ಕೇಳಿಸುತ್ತಿತ್ತು. ಹೋಗಿ ನೋಡಿದೆ. ಬೋರ್ಗ್ನಿ ಬಕೆಟ್ ಪಕ್ಕದಲ್ಲಿಟ್ಟುಕೊಂಡು ಕಿಟಕಿಯ ಬಳಿ ನಿಂತಿದ್ದಳು. ಕಿಟಕಿಯ ಹೊರಗೆ, ಇಂಗೆಲಿವ್‌ಳ ಕಿಟಕಿಯ ನೇರ ಕೆಳಗೆ, ಅಗಲವಾದ ಸಪಾಟು ಹಲಗೆಯೊಂದನ್ನು ಗೋಡೆಗೇ ಮೊಳೆ ಹೊಡೆದು ಕೂರಿಸಲಾಗಿತ್ತು. ಅದಕ್ಕೂ ಹಳದಿ ಬಣ್ಣ. ಅದರ ಮೇಲೆ ಸಾಲಾಗಿ ಹಸಿ ಗೂಡುಗಳು.

“ಮೇಲಿಂದೂ ನೀನೇ ಹಾಕಿದ್ದಾ?” ಎಂದೆ.

“ಓರೆ ಹಲಗೆ ಕಂಡ್ರೆ ಅವು ಪಕ್ಕದ ಕಿಟಕಿಗೆ ಹೋಗ್ತವೆ. ಅವಳ ಅಡುಗೆಮನೆ ಕಿಟಕಿ ಪಕ್ಕದಲ್ಲೇ ಇದೆ. ಎಲ್ಲಾದ್ರೂ ಜಾಗ ಕೊಡ್ಬೇಕಲ್ಲ.”

“ಅವಳಿಗೆ ಹೇಳು.”

“ಬೇಡ ಮಾರಾಯ್ತಿ! ಅವಳಿಗೆ ಗೊತ್ತಾದ್ರೆ ಕಟ್ಟಡಕ್ಕೆಲ್ಲ ಗೊತ್ತಾಗತ್ತೆ. ತೋರ್‌ಫಿನ್ ಸಭೇಲಿ ಎತ್ತಿದ್ರೆ ನಾನೇನು ಹೇಳ್ಲಿ?”

“ನೀನು ಹೇಡಿ ಕಣೇ.”

“ಗೊತ್ತು. ಮೆತ್ತಗೆ ಮಾತಾಡು, ಅವು ಹೆದರ್ತವೆ.”

ಒಂದು ಜೋಡಿ ಇನ್ನೂ ನೆಲೆ ಸಿಗದೆ ಮೇಲಿನ ಕಿಟಕಿಯ ಕಡೆ ಹಾರಿ ಹಾರಿ ಬರುತ್ತಿತ್ತು. ಬೋರ್ಗ್ನಿ ಬಕೆಟ್ಟಿನಿಂದ ಒಂದು ಹಿಡಿ ಒದ್ದೆ ಪಾಚಿ ತೆಗೆದುಕೊಂಡಳು. ಕಿಟಕಿಯನ್ನು ಕೈ ತೂರುವಷ್ಟೇ ತೆರೆದು, ಮುಖ ಆಚೆ ತಿರುಗಿಸಿಕೊಂಡು, ಹಲಗೆಯ ಖಾಲಿ ತುದಿಗೆ ಅದನ್ನು ಮೆಲ್ಲಗೆ ತಳ್ಳಿದಳು.