ಓಟಕ್ಕೆ ಮೊದಲೇ ಸನ್ಮಾನ

ರಿಯಾದಿನಲ್ಲಿ ಮೆಟ್ರೋಗೆಂದು ರಸ್ತೆ ಅಗೆಯುತ್ತಿದ್ದ ವರ್ಷಗಳಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನ ಹುಡುಗ ತನ್ನ ಶಾಲೆಯ ಓಟಗಾರನಾಗಿದ್ದ. ಕಾರು ಗುದ್ದಿ ಮೊಣಕಾಲು ಮುರಿದು, ಆಪರೇಷನ್ ಆಗಿ, ಇಡೀ ಒಂದು ವರ್ಷ ಓಡಲಿಲ್ಲ. ಎದುರಿನ ಅಂಗಡಿಗೂ ಕಾರಿನಲ್ಲೇ ಹೋಗುವ ನಾವೆಲ್ಲ ಅವನನ್ನು ಲಿಫ್ಟಿನಲ್ಲಿ ತಡೆದು, "ಎಂತ ಮಾರಾಯ, ಯಾವಾಗ ಓಡುವುದು?" ಎಂದು ಕೇಳುತ್ತಿದ್ದೆವು. ಅವನು ಬಗ್ಗಿ ಮೊಣಕಾಲು ಸವರಿ, "ಕಾಲನ್ನು ಕೇಳಿ ಹೇಳ್ತೇನೆ ಅಂಕಲ್" ಎನ್ನುತ್ತಿದ್ದ.

ಕೊನೆಗೂ ಕಾಲು ಒಪ್ಪಿತು. ನಮ್ಮ ಕರಾವಳಿ ಸಂಘದ ಕ್ರೀಡಾಕೂಟದಲ್ಲಿ ಓಡುವುದೆಂದಾಯಿತು. ಅವನು ಬೆಳಿಗ್ಗೆಯೇ ಮೈದಾನಕ್ಕೆ ಬಂದು ಮೈ ಬಿಸಿ ಮಾಡಿಕೊಂಡ. ಆದರೆ ಸನ್ಮಾನ ಮಾಡದೆ ನಮ್ಮವರು ಯಾರನ್ನೂ ಬಿಡುವವರಲ್ಲ. ಓಟಕ್ಕೆ ಮೊದಲೇ ವೇದಿಕೆಗೆ ಕರೆದು, ಬತ್ಹಾ ಮಾರ್ಕೆಟ್ಟಿನಿಂದ ತಂದ ಶಾಲು ಹೊದಿಸಿ, ಅವನ ಛಲದ ಬಗ್ಗೆ ಒಬ್ಬರಾದ ಮೇಲೊಬ್ಬರು ಮಾತಾಡಿದರು. ಕಾಲು ಮುರಿದುಕೊಂಡಿದ್ದವನನ್ನು ಅಷ್ಟು ಹೊತ್ತೂ ನಿಲ್ಲಿಸಿಯೇ ಹೊಗಳಿದರು. ಕೊನೆಯ ಭಾಷಣ ಮುಗಿಯುವಷ್ಟರಲ್ಲಿ ಬಿರಿಯಾನಿ ಬಂತು. ಅವನೊಂದಿಗೆ ಓಡಬೇಕಾದವರೂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತರು.

ಸಂಘದ ಅಧ್ಯಕ್ಷರು ಅವನ ಬೆನ್ನು ತಟ್ಟಿದರು. "ಓಟ ಮುಂದಿನ ವರ್ಷ ಮಾಡುವ. ಸನ್ಮಾನ ಹೇಗೂ ಆಯ್ತಲ್ಲ. ಯಲ್ಲಾ, ನಡಿ ನಡಿ, ಊಟಕ್ಕೆ ಬಾ."

ಅವನು ಶಾಲು ತೆಗೆದು, ಮಡಚಿ, ಅಧ್ಯಕ್ಷರ ಹೆಗಲಿಗೇ ಹಾಕಿದ. ಬಗ್ಗಿ ಮೊಣಕಾಲು ಸವರಿದ.

"ಕಾಲನ್ನು ಕೇಳಿದೆ ಅಂಕಲ್. ಅದಕ್ಕೆ ಹಸಿವಿಲ್ಲವಂತೆ" ಎಂದವನೇ, ನಮ್ಮ ಊಟದ ಸಾಲನ್ನು ದಾಟಿ ಒಬ್ಬನೇ ಓಡತೊಡಗಿದ.